ಅರವತ್ತೊಂದು ಚೂರಿಗಳು

ನದಿ ಕಡಲು ಸೇರುವ ಅಳಿವೆ ಬಾಗಿಲಿನ ಪಕ್ಕದಲ್ಲಿ ಒಂದು ಸಣ್ಣ ಬಂದರು ಇತ್ತು. ಅಲ್ಲಿಂದ ದಿನಾ ಬೆಳಗ್ಗೆ ನಾಡದೋಣಿಗಳು ಕಡಲಿಗೆ ಹೋಗುತ್ತಿದ್ದವು, ಮಧ್ಯಾಹ್ನದ ಹೊತ್ತಿಗೆ ಮೀನು ತುಂಬಿಕೊಂಡು ಬರುತ್ತಿದ್ದವು. ಕಡಲಿಗೆ ಇಳಿಯುವವರು ಒಟ್ಟು ಅರವತ್ತೆರಡು ಜನ. ಅರವತ್ತೆರಡು ಜನರ ಸೊಂಟದಲ್ಲೂ ಒಂದೊಂದು ಚೂರಿ.

ಗಾಬರಿ ಬೀಳಬೇಡಿ. ಆ ಚೂರಿ ಯಾರನ್ನೂ ಇರಿಯುವುದಕ್ಕಲ್ಲ. ಉದ್ದ ಒಂದು ಗೇಣೂ ಇಲ್ಲ. ಮರದ ಹಿಡಿ, ಚರ್ಮದ ಒರೆ. ಅದರಿಂದ ಬಲೆಗೆ ಸಿಕ್ಕಿದ ಕಸ ಬಿಡಿಸುತ್ತಿದ್ದರು, ಹಗ್ಗ ಕತ್ತರಿಸುತ್ತಿದ್ದರು, ಊಟದ ಹೊತ್ತಿಗೆ ಈರುಳ್ಳಿಯನ್ನೂ ಹೆಚ್ಚುತ್ತಿದ್ದರು. ಆದರೆ ಅದನ್ನು ದಿನಾ ಕಟ್ಟಿಕೊಳ್ಳುತ್ತಿದ್ದ ನಿಜವಾದ ಕಾರಣ ಬೇರೆ. ಬಲೆ ಬಿಡುವಾಗ ಹಗ್ಗ ಸರಸರನೆ ನೀರಿಗೆ ಓಡುತ್ತದೆ. ಆ ಹಗ್ಗದ ಸುರುಳಿಯೊಳಗೆ ಕಾಲು ಬಿತ್ತೋ, ಬಲೆಯ ಜೊತೆ ಮನುಷ್ಯನೂ ಹೋದ. ಆಗ ಉಳಿಯುವ ದಾರಿ ಒಂದೇ, ಹಗ್ಗ ಕತ್ತರಿಸುವುದು. ಮಡಚುವ ಚೂರಿಯಾದರೆ ಆಗದು. ಒದ್ದೆ ಕೈ. ಅದೂ ಒಂದೇ ಕೈ. ಇನ್ನೊಂದು ಕೈ ದೋಣಿಯನ್ನು ಹಿಡಿದುಕೊಂಡಿರುತ್ತದೆ.

ಅದಕ್ಕಾಗಿ ಅಲ್ಲೊಂದು ಪದ್ಧತಿ. ದೋಣಿ ತಳ್ಳುವ ಮೊದಲು ತಾಂಡೇಲ, ಅಂದರೆ ದೋಣಿಯ ಮುಖ್ಯಸ್ಥ, ಎಲ್ಲರನ್ನೂ ನಿಲ್ಲಿಸಿ ಕೇಳುತ್ತಿದ್ದ: "ಉಂಟಾ?" ಒಬ್ಬೊಬ್ಬರೂ ಸೊಂಟದ ಹಿಂದೆ ಕೈಯಿಂದ ತಟ್ಟಿ "ಉಂಟು!" ಎನ್ನಬೇಕು. ಇಲ್ಲದವನು ಆ ದಿನ ದಡದಲ್ಲೇ.

ವಾಸು ಕುಂದರ್ ಆ ಬಂದರಿನ ಹಿರಿಯ ತಾಂಡೇಲ. ಹೊಸಬರಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು. "ಇದು ನಿನ್ನ ಜೀವ ಕಾಯುದು ಮನುಷ್ಯರಿಂದ ಅಲ್ಲ ಮಾರಾಯ, ಹಗ್ಗದಿಂದ."

ಈ ಮಾತು ಯತೀಶನ ಕಿವಿಗೆ ಹೋಗಲಿಲ್ಲ. ಯತೀಶ ಮೀನುಗಾರರ ಸಂಘದ ಅಧ್ಯಕ್ಷ ಐತಪ್ಪ ಮೆಂಡನರ ಅಕ್ಕನ ಮಗ. ಆ ಕಡೆ ಮನೆತನ ನಡೆಯುವುದು ಅಕ್ಕತಂಗಿಯರ ಮಕ್ಕಳಿಂದ. ಸ್ವಂತ ಮಗನಿಗಾದರೂ ನಾಲ್ಕು ಬಿಗಿದಾರು, ಸೋದರಳಿಯನಿಗೆ ಗದರುವ ಮಾವಂದಿರು ಕಡಿಮೆ. ಹಾಗೆ ಬೆಳೆದವನು ಯತೀಶ.

ಅವನು ಪೇಟೆಯಿಂದ ಗೇಣು ಮೀರಿದ, ಫಳಫಳ ಹೊಳೆಯುವ ಚೂರಿ ತಂದ. ಅದು ಒಂದು ದಿನವೂ ಹಗ್ಗ ಮುಟ್ಟಲಿಲ್ಲ. ಈರುಳ್ಳಿ ಹೆಚ್ಚಲು ಕೇಳಿದರೆ "ಹರಿತ ಹಾಳಾಗ್ತದೆ" ಎನ್ನುತ್ತಿದ್ದ. ದಡಕ್ಕೆ ಬಂದ ಮೇಲೂ ಅದು ಅವನ ಸೊಂಟದಲ್ಲೇ. ಚಹಾದಂಗಡಿಗೂ ಅದರ ಜೊತೆಗೇ, ಮದುವೆಮನೆಗೂ ಅದರ ಜೊತೆಗೇ.

"ಇದೆಂತಕ್ಕೆ ಇಲ್ಲಿ?" ಎಂದು ಯಾರಾದರೂ ಕೇಳಿದರೆ, "ಆತ್ಮರಕ್ಷಣೆಗೆ" ಎನ್ನುತ್ತಿದ್ದ.

"ಯಾರಿಂದ?"

ಅದಕ್ಕೆ ಅವನು ಚೂರಿಯ ಹಿಡಿ ಸವರಿಕೊಂಡು ಹೊರಟುಬಿಡುತ್ತಿದ್ದ. ಒಂದು ವರ್ಷ ಕಳೆಯಿತು. ಅವನ ಮೇಲೆ ಒಂದು ನಾಯಿಯೂ ಬೀಳಲಿಲ್ಲ. ಕಾದು ಕಾದು ಅವನಿಗೇ ಬೇಸರ ಬಂದಿರಬೇಕು.

ಒಂದು ದಿನ ಬಂಗುಡೆ ಮೀನು ರಾಶಿ ರಾಶಿಯಾಗಿ ಸಿಕ್ಕಿತು. ಎಲ್ಲ ದೋಣಿಗಳೂ ಒಂದರ ಹಿಂದೊಂದು ದಕ್ಕೆಗೆ, ಅಂದರೆ ದೋಣಿ ಕಟ್ಟಿ ಮೀನು ಇಳಿಸುವ ಕಟ್ಟೆಗೆ, ಬಂದವು. ಮೊದಲು ಬಂದದ್ದು ವಾಸು ತಾಂಡೇಲರ ದೋಣಿ. ಅದರಲ್ಲಿ ದೂಮ ಎಂಬವನಿದ್ದ. ಬಲೆಯ ಕೆಲಸದಲ್ಲಿ ಪಳಗಿದವನು, ಯಾರ ತಂಟೆಗೂ ಹೋಗದವನು. ದೂಮ ದಕ್ಕೆಯ ಗೂಟಕ್ಕೆ ಹಗ್ಗ ಕಟ್ಟುವಷ್ಟರಲ್ಲಿ ಯತೀಶ ಹಿಂದಿನಿಂದ ಬಂದು ಅದನ್ನು ಕಿತ್ತು ತನ್ನ ದೋಣಿಯ ಹಗ್ಗ ಹಾಕಿದ.

"ಸಾಲಿನಲ್ಲಿ ಬಾ ಮಾರಾಯ" ಎಂದ ದೂಮ. ಅಷ್ಟೇ ಅಂದದ್ದು.

ಯತೀಶ ಚೂರಿ ಹಿರಿದು ಬೀಸಿದ. ದೂಮ ಅಡ್ಡ ಹಿಡಿದ ಅಂಗೈ ಸೀಳಿತು. ಏಳು ಹೊಲಿಗೆ ಬಿತ್ತು. ಒಂದು ಮಾತು ನೆನಪಿಟ್ಟುಕೊಳ್ಳಿ, ದೂಮನ ಸೊಂಟದಲ್ಲೂ ಚೂರಿ ಇತ್ತು. ರಕ್ತ ಸುರಿಯುತ್ತಿದ್ದಾಗಲೂ ಅವನ ಕೈ ಅತ್ತ ಹೋಗಲಿಲ್ಲ.

ಮರುದಿನ ಸಂಘದ ಸಭೆ ಸೇರಿತು. ಯತೀಶನನ್ನು ಒಂದು ವರ್ಷ ಕಡಲಿಗೆ ಬಿಡುವುದಿಲ್ಲ ಎಂಬ ತೀರ್ಪು ಬರುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಐತಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಚೂರಿ ಇದ್ದದ್ದಕ್ಕೇ ಅಲ್ವಾ ಇದೆಲ್ಲ ಆದದ್ದು? ನಾಳೆಯಿಂದ ಯಾರ ಸೊಂಟದಲ್ಲೂ ಚೂರಿ ಬೇಡ. ಎಲ್ಲ ತಂದು ಈ ಪೆಟ್ಟಿಗೆಗೆ ಹಾಕಿ. ಎಲ್ಲರಿಗೂ ಒಂದೇ ನ್ಯಾಯ."

ಎಲ್ಲರಿಗೂ ಒಂದೇ ನ್ಯಾಯವಂತೆ! ಕೇಳಲು ಎಷ್ಟು ಚೆಂದ! ಒಬ್ಬ ಮಾಡಿದ್ದನ್ನು ಅರವತ್ತೆರಡು ತಲೆಗೆ ಹಂಚಿದರೆ ಮಾಡಿದವನ ಪಾಲಿಗೆ ಬರುವುದು ಎಳ್ಳಷ್ಟು. ಐತಪ್ಪನವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ವಾಸು ತಾಂಡೇಲರು ಎದ್ದರು. "ಐತಪ್ಪಣ್ಣ, ಬೀಸಿದವ ಒಬ್ಬ. ಅವನ ಹೆಸರು ಹೇಳಿ."

"ಹೆಸರೆಲ್ಲ ಎಂತಕ್ಕೆ? ಊರಿಗೆ ಒಳ್ಳೇದಾದ್ರೆ ಸಾಕು."

"ಬಲೆ ಬಿಡುವಾಗ ಕಾಲು ಸಿಕ್ಕಿದ್ರೆ ಎಂತ ಮಾಡುದು?"

"ನೋಡಿಕೊಂಡು ಹೆಜ್ಜೆ ಇಡಿ."

ಜನ ಚಪ್ಪಾಳೆ ತಟ್ಟಿದರು. ನನಗೆ ಯತೀಶನ ಮೇಲೆ ಬರುವಷ್ಟೇ ಸಿಟ್ಟು ಈ ಚಪ್ಪಾಳೆಯ ಮೇಲೂ ಬರುತ್ತದೆ. ಕಡಲಿನ ಮೇಲೆ ಹುಟ್ಟಿ ಬೆಳೆದವರು, ಹಗ್ಗ ಏನು ಮಾಡುತ್ತದೆ ಎಂದು ಕಣ್ಣಾರೆ ಕಂಡವರು, ಅಧ್ಯಕ್ಷರ ಮುಖ ನೋಡಿ ಕೈ ತಟ್ಟಿದರು! ಜಗಳ ಮುಗಿದರೆ ಸಾಕೆಂದು ದೂಮನೇ ಬ್ಯಾಂಡೇಜು ಕಟ್ಟಿದ ಕೈಯಿಂದ ಮೊದಲ ಚೂರಿ ಹಾಕಿದ. ಉಳಿದವರು ಅವನ ಹಿಂದೆ ಒಬ್ಬೊಬ್ಬರಾಗಿ ಹಾಕಿದರು. ಕೊನೆಗೆ ವಾಸು ಕೂಡ ಹಾಕಿದರು. ಎಣಿಸುವ ಗೋಜಿಗೆ ಯಾರೂ ಹೋಗಲಿಲ್ಲ. ತಗಡಿನ ಪೆಟ್ಟಿಗೆಗೆ ಬೀಗ ಬಿತ್ತು. ಕೀಲಿಕೈ ಐತಪ್ಪನವರ ಜೇಬಿಗೆ ಹೋಯಿತು.

ಮರುದಿನ ಬೆಳಗ್ಗೆ ವಾಸು ಅಭ್ಯಾಸಬಲದಿಂದ "ಉಂಟಾ?" ಎಂದರು. ಕೈಗಳು ಸೊಂಟಕ್ಕೆ ಹೋದವು, ಬರಿದಾಗಿ ಬಂದವು.  ಅಂದಿನಿಂದ ವಾಸು ಕೇಳುವುದನ್ನು ಬಿಟ್ಟರು.

ಮೂರನೆಯ ವಾರ ಅದು ಆಗಿಯೇ ಹೋಯಿತು. ಬಲೆ ಬಿಡುತ್ತಿದ್ದರು. ಹೊಲಿಗೆ ಹಾಕಿದ ಕೈಯಲ್ಲಿ ದೂಮನಿಗೆ ಇನ್ನೂ ಹಿಡಿತ ಬಂದಿರಲಿಲ್ಲ. ಹಗ್ಗ ಜಾರಿತು, ಸುರುಳಿ ಅವನ ಎಡಗಾಲಿನ ಗಂಟಿಗೆ ಬಿತ್ತು. ಬಿದ್ದವನನ್ನು ಅದು ದೋಣಿಯ ಅಂಚಿನವರೆಗೆ ಎಳೆದೊಯ್ದಿತು. ಅವನು ಅಡ್ಡಹಲಗೆಯನ್ನು ತಬ್ಬಿ ಹಿಡಿದ. ವಾಸು ಎಂಜಿನ್ ನಿಲ್ಲಿಸಿದರು. ಆದರೆ ಕಡಲಿಗೆ ಬಿದ್ದ ಬಲೆ ನಿಲ್ಲುತ್ತದೆಯೇ? ಅದರ ಭಾರ ಎಳೆಯುತ್ತಲೇ ಇತ್ತು.

ದೂಮನ ಬಲಗೈ ಸೊಂಟದ ಹಿಂದೆ ಹೋಯಿತು. ಎರಡು ಸಲ ತಡಕಿತು. ಅಲ್ಲಿ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ.

ಇಬ್ಬರು ಅವನ ತೋಳು ಹಿಡಿದರು. ಒಬ್ಬ ಹಲ್ಲಿನಿಂದ ಹಗ್ಗ ಕಚ್ಚಿದ. ಇನ್ನೊಬ್ಬ ಬುತ್ತಿಡಬ್ಬಿಯ ಮುಚ್ಚಳದ ಅಂಚಿನಿಂದ ಉಜ್ಜಿದ. ನೈಲಾನ್ ಹಗ್ಗ, ಒಂದು ಎಳೆಯೂ ಹರಿಯಲಿಲ್ಲ. ಉಳಿದವರೆಲ್ಲ ಸೇರಿ ಬಲೆಯನ್ನು ಹಿಂದಕ್ಕೆ ಎಳೆದು ಹಗ್ಗ ಸಡಿಲಿಸುವಷ್ಟರಲ್ಲಿ ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತಾಗಿತ್ತು. ಚೂರಿ ಇದ್ದಿದ್ದರೆ ಒಂದೇ ಏಟಿನ ಕೆಲಸ. ದೂಮನ ಜೀವ ಉಳಿಯಿತು. ಪಾದ ಉಳಿಯಲಿಲ್ಲ, ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು.

ಎರಡು ತಿಂಗಳ ಮೇಲೆ ಸಂಘದ ಸಭೆಗೆ ದೂಮ ಊರುಗೋಲು ಊರಿಕೊಂಡು ಬಂದ. ಎಲ್ಲರೂ ಎದ್ದು ಜಾಗ ಬಿಟ್ಟರು. ಅವನು ಕೂರಲಿಲ್ಲ.

"ನನ್ನ ಚೂರಿ ಕೊಡಿ" ಎಂದ.

ಐತಪ್ಪ ಕನ್ನಡಕ ತೆಗೆದು ಒರೆಸಿದರು. "ಈಗ ಎಂತಕ್ಕೆ ಮಾರಾಯ? ನೀನು ಇನ್ನು ಕಡಲಿಗೆ ಹೋಗುದುಂಟಾ?"

ಇಂಥ ಮಾತು ಆಡಲು ಒಂದು ನಾಲಗೆ ಬೇಕಲ್ಲ! ದೂಮ ಬೈಯಲಿಲ್ಲ. "ನಾನು ಹೋಗುದಿಲ್ಲ. ನನ್ನ ಜಾಗಕ್ಕೆ ನಾಳೆಯಿಂದ ತಮ್ಮ ಹೋಗ್ತಾನೆ. ಬರೀ ಸೊಂಟದಲ್ಲಿ ಅವನನ್ನು ಕಳಿಸುದಿಲ್ಲ ನಾನು" ಎಂದ.

ವಾಸು ತಾಂಡೇಲರು ಮುಂದೆ ಬಂದು ಮೇಜಿನ ಮೇಲೆ ಕೈ ಚಾಚಿದರು. "ಕೀಲಿಕೈ."

ಐತಪ್ಪ ಕೊಟ್ಟರು. ಪೆಟ್ಟಿಗೆ ತೆರೆದಾಗ ಉಪ್ಪುಗಾಳಿಯ ವಾಸನೆ ಬಂತು. ಒರೆಗಳಿಗೆ ಬೂಸ್ಟು ಹಿಡಿದಿತ್ತು, ಅಲಗುಗಳಿಗೆ ತುಕ್ಕು. ಎಲ್ಲವನ್ನೂ ನೆಲದ ಮೇಲೆ ಸುರಿದರು. ಪ್ರತಿ ಹಿಡಿಯ ಮೇಲೂ ಒಂದೊಂದು ಗುರುತು ಕೊರೆದಿರುತ್ತದೆ, ಅವರವರದ್ದು ಅವರವರಿಗೆ ಗೊತ್ತು. ಒಬ್ಬೊಬ್ಬರಾಗಿ ಬಗ್ಗಿ ತಮ್ಮದನ್ನು ಎತ್ತಿಕೊಂಡರು. ವಾಸು ಎಣಿಸುತ್ತ ನಿಂತಿದ್ದರು. ಅರವತ್ತೊಂದಕ್ಕೆ ನೆಲ ಖಾಲಿಯಾಯಿತು.

ವಾಸು ತಲೆ ಎತ್ತಿದರು. ಕಡಲದಂಡೆಯಲ್ಲಿ ಕೂಗುವ ಅದೇ ದನಿಯಲ್ಲಿ, ಆ ಕೋಣೆಯೊಳಗೆ, ಕೂಗಿದರು:

"ಉಂಟಾ?"

ಬಾಗಿಲ ಬಳಿ ನಿಂತಿದ್ದ ಯತೀಶನ ಕೈ ತಾನಾಗಿ ಸೊಂಟದ ಹಿಂದೆ ಹೋಯಿತು. ಹೋದ ಕೈಯನ್ನು ಅವನು ಥಟ್ಟನೆ ಹಿಂದಕ್ಕೆ ಎಳೆದುಕೊಂಡ. ಆದರೆ ಎಲ್ಲರೂ ನೋಡಿಯಾಗಿತ್ತು. ಅಂಗಿಯ ಕೆಳಗಿನಿಂದ ಹೊಳೆಯುವ ಹಿಡಿ ಇಣುಕುತ್ತಿತ್ತು. ಅದರ ಮೇಲೆ ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ.

"ಎಲ್ಲರಿಗೂ ಒಂದೇ ನ್ಯಾಯ ಅಂದಿದ್ರಿ ಐತಪ್ಪಣ್ಣ" ಎಂದರು ವಾಸು.

ಐತಪ್ಪ ಅಳಿಯನನ್ನು ನೋಡಿದರು. ಆಮೇಲೆ ದೂಮನ ಊರುಗೋಲು ನೋಡಿದರು. 

ಆ ದಿನವೇ ಯತೀಶನಿಂದ ಚೂರಿ ಕಸಿದುಕೊಂಡರು. ಅವನನ್ನು ಯಾವ ದೋಣಿಗೂ ಹತ್ತಿಸಬಾರದೆಂದು ತೀರ್ಮಾನವಾಯಿತು. ಐತಪ್ಪ ಕುರ್ಚಿ ಬಿಟ್ಟರು. ಈ ಕೆಲಸವನ್ನೆಲ್ಲ ಮೊದಲ ಸಭೆಯಲ್ಲೇ ಮಾಡಬಹುದಿತ್ತು. ಮಾಡಿದ್ದರೆ ದೂಮ ಇಂದಿಗೂ ಎರಡು ಕಾಲಿನ ಮೇಲೆ ನಡೆಯುತ್ತಿದ್ದ.

ಈಗ ಬೆಳಗ್ಗೆ ದಡದಲ್ಲಿ ನಿಂತು "ಉಂಟಾ?" ಎಂದು ಕೇಳುವವನು ದೂಮ. ಅವನ ತಮ್ಮ ಎಲ್ಲರಿಗಿಂತ ಜೋರಾಗಿ ಸೊಂಟ ತಟ್ಟುತ್ತಾನೆ. ಅಂದು ಚಪ್ಪಾಳೆ ತಟ್ಟಿದ ಕೈಗಳೂ ತಟ್ಟುತ್ತವೆ. ಆದರೆ ಆ ಕೈಗಳವರು ಯಾರೂ ದೂಮನ ಮುಖ ನೋಡುವುದಿಲ್ಲ.

ನೀತಿ: ತಪ್ಪು ಮಾಡಿದವನ ಹೆಸರು ಹೇಳಲು ಧೈರ್ಯವಿಲ್ಲದವರು ತಪ್ಪು ಮಾಡದವರ ಸೊಂಟ ತಡಕುತ್ತಾರೆ. ಅಂಥ ನ್ಯಾಯಕ್ಕೆ ದುಡಿಯುವವರ ಚೂರಿ ಮಾತ್ರ ಸಿಗುತ್ತದೆ, ಬೀಸುವವನದ್ದು ಅವನಲ್ಲೇ ಉಳಿಯುತ್ತದೆ. ಮುಂದಿನ ಸಲ ಯಾರಾದರೂ ಒಬ್ಬನ ಪಾಪವನ್ನು ಊರಿಗೆಲ್ಲ ಹಂಚಲು ಹೊರಟರೆ, ಚಪ್ಪಾಳೆ ತಟ್ಟುವ ಮೊದಲು ಎದ್ದು ನಿಂತು ಹೆಸರು ಕೇಳಿ.