ಸೀರೆಮೇಕೆ ಗುಡ್ಡ

ಮಾಳಗೆರೆಯಲ್ಲಿ ಬಸ್ಸಿಳಿದು ಪಡುವಲಿಗೆ ತಿರುಗಿದರೆ ಎದುರಿಗೇ ಕಾಣುವ ಬೋಳುಗುಡ್ಡಕ್ಕೆ ಸೀರೆಮೇಕೆ ಗುಡ್ಡ ಎಂದು ಹೆಸರು. ಅದರ ನೆತ್ತಿಯಲ್ಲಿ ಮನೆಯಂಗಳದಷ್ಟು ಅಗಲದ ಹಾಸುಬಂಡೆಯಿದೆ. ಬಂಡೆಯ ಮೇಲೆ ಮೊಣಕಾಲೆತ್ತರದ ಕಲ್ಲಿನ ಮೇಕೆ. ಅದಕ್ಕೆ ಯಾವಾಗಲೂ ಸೀರೆ ಉಡಿಸಿರುತ್ತಾರೆ. ಹೆತ್ತ ಮೇಲೆ ಎದೆಹಾಲು ಇಳಿಯದ ಹೆಂಗಸರು ಮಂಗಳವಾರ ಇಲ್ಲಿಗೆ ಬಂದು, ಕೆಂಪಂಚಿನ ಸೀರೆ ಸುತ್ತಿ, ಮೇಕೆಯ ಕೆಚ್ಚಲಿಗೆ ಅರಿಸಿನ ಹಚ್ಚಿ, ಅದನ್ನೇ ಬೆರಳಲ್ಲಿ ತೆಗೆದು ತಮ್ಮ ಎದೆಗೆ ಸವರಿಕೊಂಡು ಹೋಗುತ್ತಾರೆ. ಹಾಲು ಇಳಿಯುತ್ತದೆ ಎನ್ನುತ್ತಾರೆ. ಇಳಿಯದಿದ್ದರೆ ಸೀರೆ ಅಗ್ಗದ್ದಾಯಿತು ಎಂದು ಅತ್ತೆಯಂದಿರು ಅನ್ನುತ್ತಾರೆ. ಈಚೆಗೆ ಗುಡ್ಡಕ್ಕೊಂದು ಸಮಿತಿಯಾಗಿದೆ, ಕಬ್ಬಿಣದ ಗೇಟು ಬಂದಿದೆ, ಗೇಟಿನ ಪಕ್ಕ ಕರಿಕಲ್ಲಿನ ಮೇಲೆ ಸ್ಥಳಪುರಾಣ ಕೆತ್ತಿಸಿದ್ದಾರೆ. ಪ್ಲೇಗಿನಲ್ಲಿ ತಾಯಿ ಸತ್ತ ಗೌಡರ ಕೂಸಿಗೆ ಕಾಡಿನಿಂದ ದಿನವೂ ಒಂದು ಮೇಕೆ ಬಂದು ಹಾಲೂಡಿ ಹೋಗುತ್ತಿತ್ತಂತೆ. ಕೂಸು ಬೆಳೆದು ಮದುವಣಿಗನಾದ ದಿನ ಆ ಮೇಕೆಗೆ ಸೀರೆ ಉಡಿಸಿ ಅವ್ವಾ ಎಂದು ಕರೆಯಿತಂತೆ. ಕೆತ್ತನೆ ಚೆನ್ನಾಗಿದೆ, ಅಕ್ಷರಕ್ಕೆ ಚಿನ್ನದ ಬಣ್ಣ ಬಳಿದಿದ್ದಾರೆ. ಆದರೆ ಗುಡ್ಡದ ಬುಡದಲ್ಲಿ ಶಿಲುಬೆಕೇರಿ ಎಂಬ ಕ್ರೈಸ್ತರ ಕೇರಿಯಿದೆ. ಅಲ್ಲಿಯ ಮುದುಕಿಯರು ಹೇಳುವ ಕಥೆಯಲ್ಲಿ ಮೇಕೆ ಕಾಡಿನಿಂದ ಬರುವುದಿಲ್ಲ.

ಹಿಂದೆ ಒಮ್ಮೆ, ಮಾಳಗೆರೆಗೆ ಹೊಂಬಾಳೇಗೌಡ ಪಟೇಲನಾಗಿದ್ದಾಗ, ಊರಲ್ಲಿ ಇಲಿ ಸತ್ತು ಬಿದ್ದವು, ಪ್ಲೇಗು ಬಂತು. ಜನ ಬಾಗಿಲಿಗೆ ಬೀಗ ಹಾಕಿ ಈ ಗುಡ್ಡದ ಮೇಲೆ ಗುಡಿಸಲು ಹಾಕಿಕೊಂಡರು. ಊರವರ ಗುಡಿಸಲು, ಕೇರಿಯವರ ಗುಡಿಸಲು ಎಂದು ಆಗ ಬೇರೆ ಇರಲಿಲ್ಲ. ಕೇರಿಯವರೂ ಗೌಡರ ಕುಲದವರೇ. ಅಜ್ಜಂದಿರ ಕಾಲದಲ್ಲಿ ಶಿಲುಬೆಗೆ ಸೇರಿದವರು, ಅಷ್ಟೆ. ಅದೇ ಮುದ್ದೆ, ಅದೇ ಸೋಬಾನೆ ಪದ, ಅದೇ ಚಪ್ಪರ. ಹೆಂಗಸರ ತಾಳಿಯಲ್ಲಿ ಮಾತ್ರ ಉಗುರಿನಷ್ಟು ಶಿಲುಬೆ. ಬೇನೆ ಬಲವಾದಾಗ ಅಣ್ಣನ ಹೆಣ ಮುಟ್ಟಲು ತಮ್ಮ ಹೆದರಿದ. ಕೇರಿಯ ಗಂಡಸರೂ ಅವರ ಪಾದ್ರಿಯೂ ಊರಿನ ಹೆಣಗಳನ್ನು ಹೊತ್ತು, ಯಾರನ್ನು ಸುಡಬೇಕೋ ಸುಟ್ಟು, ಯಾರನ್ನು ಹೂಳಬೇಕೋ ಹೂತರು. ನಿಮ್ಮ ಋಣ ಏಳು ಜನ್ಮಕ್ಕೂ ತೀರುವುದಿಲ್ಲ ಎಂದು ಊರು ಕೈಮುಗಿಯಿತು. ಏಳು ಜನ್ಮ ದೂರದ ಮಾತು, ಊರಿನವರಿಗೆ ಈ ಜನ್ಮವೇ ಉದ್ದವಾಯಿತು.

ಕೇರಿಯ ಇನ್ನಾಸಪ್ಪನ ಹೆಂಡತಿ ಸವರಮ್ಮನ ಹಾಲುಗೂಸು ಆ ಬೇನೆಯಲ್ಲಿ ಹೋಯಿತು. ಹೂತು ಬಂದು ಈ ಬಂಡೆಯ ಮೇಲೆ ಕೂತಿದ್ದಳು. ಮಗು ಹೋದರೂ ಎದೆಗೆ ಅದು ತಿಳಿದಿರಲಿಲ್ಲ. ಕುಪ್ಪಸ ನೆನೆದು ಸೆರಗಿಗೆ ಇಳಿಯುತ್ತಿತ್ತು. ಆ ಹೊತ್ತಿಗೆ ಹೊಂಬಾಳೇಗೌಡ ಕೂಸು ಎತ್ತಿಕೊಂಡು ಬಂದ. ಅವನ ಹೆಂಡತಿ ಬೆಳಿಗ್ಗೆ ತೀರಿಕೊಂಡಿದ್ದಳು. ಬೇನೆ ಬಿದ್ದವಳ ಕೂಸೆಂದು ಬಾಣಂತಿಯರೆಲ್ಲ ಸೆರಗು ಬಿಗಿದುಕೊಂಡು ಮುಖ ತಿರುಗಿಸಿದ್ದರು. ಗೌಡ ಕೂಸನ್ನು ಬಂಡೆಯ ಮೇಲೆ ಮಲಗಿಸಿ ದೂರ ಸರಿದು ನಿಂತು, "ಸವರವ್ವ, ಬದುಕಿದ್ರೆ ನಿಂದು, ಸತ್ರೆ ನಂದು" ಅಂದ. ಅವಳು ಕೂಸನ್ನು ಎತ್ತಿಕೊಂಡಳು. ಬೇನೆ ಇಳಿದು ಊರು ಮತ್ತೆ ಒಳಸೇರುವವರೆಗೂ ಈ ಬಂಡೆಯ ಮೇಲೇ ಹಾಲೂಡಿದಳು. ಆ ಕೂಸೇ ಚಲುವ. ಆಮೇಲೂ ಅವನು ಹಲ್ಲು ಬಂದು ಕಚ್ಚುವವರೆಗೂ ಅವಳ ಮಡಿಲು ಬಿಡಲಿಲ್ಲ. ದೊಡ್ಡವನಾದ ಮೇಲೂ ಗದ್ದೆಯಿಂದ ಬರುವಾಗ ಕೇರಿಗೆ ನುಗ್ಗಿ ಅವಳ ಒಲೆ ಮುಂದೆ ಕೂರುತ್ತಿದ್ದ. "ಪಟೇಲ್ರ ಹಟ್ಟೀಲಿ ಉಂಡು ಶಿಲುಬೆಕೇರೀಲಿ ತೇಗ್ತಾನೆ" ಎಂದು ಊರ ಹೆಂಗಸರು ನಗುತ್ತಿದ್ದರು. ಆ ನಗೆಯಲ್ಲಿ ಆಗ ವಿಷವಿರಲಿಲ್ಲ. ಈ ಬಂಡೆಯನ್ನು ಹಾಲವ್ವನ ಬಂಡೆ ಎನ್ನುತ್ತಿದ್ದರು.

ಊರು ಬದಲಾದದ್ದು ಯಾವಾಗ ಎಂದು ಕೇಳಿದರೆ ಕೇರಿಯ ಮುದುಕಿಯರಿಗೂ ಹೇಳಲು ಬರುವುದಿಲ್ಲ. ಯಾರೂ ಜಗಳ ತೆಗೆಯಲಿಲ್ಲ. ತೆಗೆದಿದ್ದರೆ ಎದುರು ನಿಂತು ಎರಡು ಮಾತಾಡಬಹುದಿತ್ತು. ಸಂತೆಗೆ ಹೋದವರು ಏನೋ ಕೇಳಿಕೊಂಡು ಬಂದರು. ದೂರದ ಬೀಗರು ಏನೋ ಅಂದರು. ಸವರಮ್ಮ ಎಂದಿನಂತೆ ಏಸುವಿನ ಹುಟ್ಟಿದಹಬ್ಬಕ್ಕೆ ಮನೆಮನೆಗೆ ಕಜ್ಜಾಯ ಕೊಟ್ಟು ಬಂದಳು, ನಗುತ್ತಲೇ ತೆಗೆದುಕೊಂಡರು. ಸಂಜೆ ತನ್ನ ಕರು ಹುಡುಕಿಕೊಂಡು ಅದೇ ಬೀದಿಗೆ ಹೋದಾಗ ಆ ಕಜ್ಜಾಯ ದನದ ಬಾನಿಯ ಕಲಗಚ್ಚಿನಲ್ಲಿ ತೇಲುತ್ತಿತ್ತು. ಆ ಮನೆಯೊಡತಿ ಹೊರಗೆ ಬಂದು, "ನಮಗೇನಿಲ್ಲ ಕಣಕ್ಕಯ್ಯ, ನಮ್ಮ ಅತ್ತೆಮ್ಮ ಒಪ್ಪಲ್ಲ" ಅಂದಳು. ಅತ್ತೆಯನ್ನು ಕೇಳಿದ್ದರೆ ತನಗೇನಿಲ್ಲ, ಊರು ಒಪ್ಪುವುದಿಲ್ಲ ಎನ್ನುತ್ತಿದ್ದಳು. ಊರನ್ನು ಕೇಳಲು ಊರಿಗೆ ಬಾಯಿ ಎಲ್ಲಿದೆ? ಸವರಮ್ಮ ಮಾತ್ರ, ಊರೆಲ್ಲ ಕೆಟ್ಟರೂ ಚಲುವ ಇದ್ದಾನೆ ಎಂದುಕೊಂಡು ಮನೆಗೆ ಬಂದಳು.

ಮಾಳಗೆರೆಯಲ್ಲಿ ಹಾಲುಸೀರೆ ಎಂಬ ಶಾಸ್ತ್ರವಿತ್ತು. ಹೆಣ್ಣಿನ ಕಡೆಯವರು ಗಂಡನ್ನು ಕರೆದೊಯ್ಯಲು ಬಂದಾಗ, ಮದುವಣಿಗ ತನಗೆ ಹಾಲೂಡಿದವಳ ಮಡಿಲಿಗೆ ಕೆಂಪಂಚಿನ ಸೀರೆ ಇಟ್ಟು ಕಾಲು ಮುಟ್ಟಬೇಕು. ಅದಾಗದೆ ಹೊಸಿಲು ದಾಟುವಂತಿಲ್ಲ. ಹೆತ್ತವಳಿಗೆ ಬೇರೆ ಸೀರೆಯುಂಟು, ಇದು ಹಾಲಿನದು. ಚಲುವನ ಮದುವೆ ಗೊತ್ತಾದಾಗ ಹೊಂಬಾಳೇಗೌಡ ತಾನೇ ಕೇರಿಗೆ ಬಂದು, "ಸವರವ್ವ, ಸೀರೆ ನೇಯಕ್ಕೆ ಕೊಟ್ಟಿವ್ನಿ. ಮಡಿಲು ಗಟ್ಟಿ ಮಾಡ್ಕೊ" ಎಂದು ತಮಾಷೆ ಮಾಡಿ ಹೋಗಿದ್ದ. ಆ ಸೀರೆಯ ಬೆಲೆ ಅವಳಿಗೆ ಬೇಕಿರಲಿಲ್ಲ. ಮಣ್ಣಿಗೆ ಹಾಕಿದ ಕೂಸಿನ ಬಾಯಿಯಿಂದ ಉಳಿದ ಹಾಲು ಒಂದು ಜೀವಕ್ಕೆ ಸೇರಿತು ಎಂದು ನಾಲ್ಕು ಜನರ ಮುಂದೆ ಆ ಜೀವವೇ ಹೇಳಬೇಕಿತ್ತು. ಮದುವೆಯ ದಿನ ತಲೆಗೆ ಎಣ್ಣೆ ಹಚ್ಚಿ, ಇಗರ್ಜಿಯ ಪೂಜೆಗೆ ಉಡುವ ಸೀರೆ ಉಟ್ಟು, ಗೌಡರ ಜಗುಲಿಯ ಮೂಲೆಯಲ್ಲಿ ಹೋಗಿ ಕೂತಳು. ಸೀರೆ ಹರಿವಾಣದಲ್ಲಿತ್ತು.

ಹೆಣ್ಣಿನ ಸೋದರಮಾವ ಶಾಸ್ತ್ರದ ಮನುಷ್ಯ. ಸವರಮ್ಮನ ತಾಳಿಯ ಕಡೆ ಒಮ್ಮೆ ನೋಡಿ, "ಈಯಮ್ಮ ಯಾರು ಬೀಗರೆ?" ಅಂದ.

"ಕೇರಿಯೋರು. ಮನೆಗೆ ಬೇಕಾದೋರು" ಎಂದ ಗೌಡ.

"ಬೇಕಾದೋರು ಇರ್ಲಿ. ಗಂಡಿಗೆ ಹೆತ್ತವ್ವ ಇಲ್ಲ ಅಂದ್ರಿ. ಹಾಲು ಯಾರ್ದು? ನಮಗೇನಿಲ್ಲ. ನಾಳೆ ನಮ್ಮೂರಲ್ಲಿ ಕೇಳ್ತಾರೆ, ಹೆಣ್ಣು ಕೊಟ್ಟೋರು ನಾವು."

ಗೌಡ ಹೊಸಿಲಿನ ಕಡೆ ನೋಡಿದ. ಹೊಸಿಲಾಚೆ ವಾಲಗದವರು ಕಾಯುತ್ತಿದ್ದರು. "ಪ್ಲೇಗಿನಾಗೆ ಯಾರ ಎದೇಲಿ ಹಾಲಿತ್ತು ಬೀಗರೆ?" ಎಂದು ನಗಲು ನೋಡಿದ. "ಮೇಕೆ ಹಾಲು."

"ಹಂಗಾರೆ ಮೇಕೆಗೇ ಉಡ್ಸಿ" ಎಂದ ಸೋದರಮಾವ. "ಶಾಸ್ತ್ರ ಬುಟ್ಟು ಗಂಡು ಹೊಸ್ಲು ದಾಟಾಂಗಿಲ್ಲ."

ಅವನು ಅರ್ಧ ತಮಾಷೆಗೆ ಅಂದದ್ದು ಎನ್ನುತ್ತಾರೆ. ಊರಿನವರು ಪೂರ್ತಿ ನಿಜವೆಂದು ಹಿಡಿದರು. ಸುಳ್ಳಿಗೆ ಶಾಸ್ತ್ರ ಸಿಕ್ಕರೆ ಅದಕ್ಕಿಂತ ನೆಮ್ಮದಿ ಯಾವುದು? ಪಟೇಲರ ಮನೆಯಲ್ಲಿ ದನ ಸಾಕುತ್ತಿದ್ದರೇ ಹೊರತು ಮೇಕೆ ಸಾಕುತ್ತಿರಲಿಲ್ಲ. ಗುಡ್ಡದ ಬುಡದಲ್ಲಿ ಮೇಯುತ್ತಿದ್ದ ಒಂದು ಕರಿಮೇಕೆಯನ್ನು ಯಾರೋ ಓಡಿಹೋಗಿ ಕಿವಿ ಹಿಡಿದು ಎಳೆದು ತಂದರು. ಅದು ಸವರಮ್ಮನ ಮೇಕೆ. ಯಾರ ಮೇಕೆ ಎಂದು ಸೋದರಮಾವ ಕೇಳಲಿಲ್ಲ. ಅದರ ಕೊರಳಲ್ಲಿ ಶಿಲುಬೆಯಿರಲಿಲ್ಲ.

ಬಾಸಿಂಗ ಕಟ್ಟಿದ ಚಲುವ ಜಗುಲಿಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಮೇಕೆಗೆ ಸೀರೆ ಸುತ್ತತೊಡಗಿದ. ಮೇಕೆ ಅರಚಿ ಒದೆಯಿತು. ಇಬ್ಬರು ಅದರ ಕೊಂಬು ಹಿಡಿದರು. ಚಪ್ಪರದಲ್ಲಿ ಎಲ್ಲರೂ ಗಂಭೀರವಾಗಿ ನಿಂತಿದ್ದರು, ಒಬ್ಬರೂ ನಗಲಿಲ್ಲ. ಸವರಮ್ಮನ ಕೈಗಳು ಇನ್ನೂ ಮಡಿಲಲ್ಲೇ ಇದ್ದವು, ಅಂಗೈ ಮೇಲಾಗಿ. ಅವನು ಕತ್ತೆತ್ತಲಿ, ಒಂದೇ ಒಂದು ಸಲ ಇಲ್ಲ ಎನ್ನಲಿ ಎಂದು ನೋಡುತ್ತಿದ್ದಳು. ಚಲುವ ಮೇಕೆಯ ಗೊರಸು ಮುಟ್ಟಿ ಕಣ್ಣಿಗೊತ್ತಿಕೊಂಡು, "ಅವ್ವಾ" ಅಂದ. ಹಾಗೆನ್ನುವಾಗ ಅವನ ಕಣ್ಣು ಮೇಕೆಯ ಬೆನ್ನ ಮೇಲಿಂದ ಜಗುಲಿಯ ಮೂಲೆಯಲ್ಲಿತ್ತು ಎಂದು ಕೇರಿಯವರು ಹೇಳುತ್ತಾರೆ. ಇದ್ದರೂ ಇರಬಹುದು. ಕಣ್ಣಿಗೆ ಸಾಕ್ಷಿ ಯಾರು? ಸವರಮ್ಮ ಎದ್ದು, "ನೆರಿಗೆ ಬಿಗಿಯಾಗಿ ಸಿಕ್ಸು ಮಗ, ಬಿದ್ದೋದಾತು" ಎಂದಳು. ಅಷ್ಟು ಹೇಳಿ ಮನೆಗೆ ನಡೆದಳು. ಕೇಳಿದವರು, ನೋಡಿ ಎಂಥಾ ಒಳ್ಳೇ ಹೆಂಗಸು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಲಿಲ್ಲ ಎಂದು ಮೆಚ್ಚಿಕೊಂಡರು.

ಸಂಜೆ ಮೇಕೆ ಸೀರೆಯನ್ನು ಎಳೆದುಕೊಂಡು ಅದರ ಹಟ್ಟಿಗೆ, ಅಂದರೆ ಅವಳ ಹಟ್ಟಿಗೇ, ಬಂತು. ಸೆರಗನ್ನು ಆಗಲೇ ಅರ್ಧ ಮೆದ್ದಿತ್ತು. ಇನ್ನಾಸಪ್ಪ, "ಹೆಂಗೋ ಬಂತಲ್ಲ ಕಣೆ ನಿನ್ನ ಸೀರೆ. ಒಗೆದು ಉಟ್ಕೊ" ಅಂದ.

"ಮೇಕೆಗೆ ಉಡ್ಸಿದ್ದು ಮೇಕೇದು" ಎಂದಳು ಸವರಮ್ಮ. ಮೇಕೆಯ ಮೈಯಿಂದ ಸೀರೆ ಬಿಚ್ಚಿ, ಹಿಡಿದುಕೊಂಡು ಗುಡ್ಡ ಹತ್ತಿ, ತಾನು ಹಾಲೂಡುತ್ತಿದ್ದ ಬಂಡೆಯ ಮೇಲೆ ಅದನ್ನು ಉದ್ದಕ್ಕೆ ಹಾಸಿ, ಹಾರದಂತೆ ಕಲ್ಲು ಹೇರಿದಳು. ಕೊಟ್ಟ ಕೈಗೆ ನಾಚಿಕೆಯಾದ ದಿನ ಅದೇ ಬಂದು ತೆಗೆಯಲಿ ಎಂದಳಂತೆ. ಪಟೇಲರ ಅಂಗಳದಲ್ಲಿ ನಿಂತರೆ ಆ ಕೆಂಪಂಚು ಕಾಣುತ್ತಿತ್ತು. ಚಲುವ ಅಂಗಳದಲ್ಲಿ ಕೂರುವುದನ್ನು ಬಿಟ್ಟ, ಗುಡ್ಡ ಮಾತ್ರ ಹತ್ತಲಿಲ್ಲ. ಬಿಸಿಲಿಗೆ ಬಣ್ಣ ಹೋಗಿ, ಮಳೆಗೆ ನೂಲು ಕೊಳೆತು, ಸೀರೆ ಬಂಡೆಯ ಮೇಲೇ ಕರಗಿಹೋಯಿತು. ಅವಳು ಬದುಕಿರುವವರೆಗೂ ಆ ಒಲೆಯ ಮುಂದೆ ಅವನು ಮತ್ತೆ ಕೂರಲಿಲ್ಲ.

ಸವರಮ್ಮ ಸತ್ತಾಗ ಚಲುವೇಗೌಡ ಕೇರಿಯ ಸಮಾಧಿಭೂಮಿಯ ಗೋಡೆಯ ಹೊರಗೆ ರುಮಾಲು ತೆಗೆದು ನಿಂತಿದ್ದನೆಂದು ಹೇಳುತ್ತಾರೆ. ಆಮೇಲೆ ಕಲ್ಲುಕುಟಿಗನನ್ನು ಕರೆಸಿ ಗುಡ್ಡದ ಮೇಲೆ ಒಂದು ಕಲ್ಲು ನಿಲ್ಲಿಸಬೇಕೆಂದ. ಏನು ಕೆತ್ತಲಿ ಬುದ್ಧಿ ಎಂದು ಕುಟಿಗ ಕೇಳಿದ. ಪಕ್ಕದಲ್ಲಿ ಊರ ಹಿರಿಯರು ನಿಂತಿದ್ದರು. ಚಲುವೇಗೌಡ ಅವರನ್ನು ನೋಡಿದ, ಗುಡ್ಡವನ್ನು ನೋಡಿದ. ಕುಟಿಗ ಎಲೆಅಡಿಕೆ ಹಾಕಿ ಜಗಿದು ಉಗಿದದ್ದೂ ಆಯಿತು. ಕೊನೆಗೆ ಗೌಡ "ಮೇಕೆ" ಎಂದ. ಮೊದಲ ಸೀರೆಯನ್ನು ಅವನೇ ಉಡಿಸಿ, ಆ ಕಲ್ಲನ್ನು ಅಪ್ಪಿಕೊಂಡು ಅತ್ತ. ಗೌಡನಿಗೆ ಮೇಕೆಯ ಮೇಲೆ ಎಷ್ಟು ಭಕ್ತಿ ಎಂದು ಜನ ಕೊಂಡಾಡಿದರು. ಹಾಲವ್ವನ ಬಂಡೆ ಅಂದಿನಿಂದ ಸೀರೆಮೇಕೆ ಗುಡ್ಡವಾಯಿತು.

ಕೇರಿಯವರು ಇಲ್ಲಿಗೆ ಬರುವುದನ್ನು ಬಿಟ್ಟಿರಲಿಲ್ಲ. ಹುಟ್ಟಿದ ಕೂಸನ್ನು ಬಂಡೆಯ ಮೇಲೆ ಒಮ್ಮೆ ಮಲಗಿಸಿ, ಅಜ್ಜಿ ಸವರಮ್ಮನಿಗೆ ತೋರಿಸಿ ಕರೆದೊಯ್ಯುವುದು ಅವರ ರೂಢಿ. ಯಾರೂ ಬೇಡವೆಂದಿರಲಿಲ್ಲ, ಮಂಗಳವಾರ ಬಂದವರು ಆ ಕೂಸನ್ನೂ ಎತ್ತಿ ಮುದ್ದಿಸುತ್ತಿದ್ದರು. ಈಚಿನ ವರ್ಷಗಳಲ್ಲಿ ಸ್ಥಳಪುರಾಣದ ಕಲ್ಲಿನ ಕೆಳಗೆ ಇನ್ನೊಂದು ಕಲ್ಲು ಬಂದಿದೆ, ಅನ್ಯಧರ್ಮದವರಿಗೆ ಪ್ರವೇಶವಿಲ್ಲ ಎಂದು. ಮೊನ್ನೆ ಸವರಮ್ಮನ ದೊಡ್ಡ ಮಗನ ವಂಶದ ಸೊಸೆ ರೋಜ್ಲಿನ್ ಕೂಸು ಎತ್ತಿಕೊಂಡು ಬಂದಾಗ, ಅವಳ ಮದುವೆಯಲ್ಲಿ ಉಂಡುಹೋಗಿದ್ದ ಊರಿನ ಶಿವನಂಜನೇ ಗೇಟು ಕಾಯುತ್ತಿದ್ದ.

"ತಂಗ್ಯಮ್ಮ, ನಮಗೇನಿಲ್ಲ, ಸಮಿತಿಯೋರು ಬಯ್ತಾರೆ" ಅಂದ.

"ಒಳಗಿರೋಳು ನಮ್ಮಜ್ಜಿ ಕಣಣ್ಣ."

"ಒಳಗಿರೋದು ಮೇಕೆ ಅಲ್ವೇನವ್ವ?" ಎಂದು ಅವನು ಬೇಜಾರಿಲ್ಲದೆ ನಕ್ಕ.

ಗುಡ್ಡಕ್ಕೆ ಹೋದವರು ಈಗಲೂ ಇದನ್ನೆಲ್ಲ ಕಾಣಬಹುದು. ನೆತ್ತಿಯಲ್ಲಿ ಸೀರೆಯುಟ್ಟ ಕಲ್ಲುಮೇಕೆಯಿದೆ. ಕೇರಿಯ ಮೇಕೆಗಳು ಗೇಟಿನ ಸರಳುಗಳ ನಡುವೆ ತೂರಿ ಒಳಗೆ ಹೋಗಿ ಅದರ ಕೆಂಪಂಚನ್ನು ಮೇಯುತ್ತವೆ. ಅವುಗಳ ಹೆಸರು ಯಾರೂ ಕೇಳುವುದಿಲ್ಲ. ಕೆಲವು ದಿನ ಗೇಟಿನ ಹೊರಗೆ, ಚಿನ್ನದಕ್ಷರದ ಕಲ್ಲಿನ ನೆರಳಿನಲ್ಲಿ, ಕೇರಿಯ ಹೆಣ್ಣೊಬ್ಬಳು ಸೆರಗು ಹೊದ್ದು ಕೂಸಿಗೆ ಹಾಲೂಡುತ್ತ ಕೂತಿರುತ್ತಾಳೆ. ಹಾಲು ಬೇಡಲು ಬಂದವರು ತಟ್ಟೆಯಲ್ಲಿ ಸೀರೆ ಹಿಡಿದುಕೊಂಡು, ಅವಳ ಕಾಲು ತುಳಿಯದಂತೆ ಪಕ್ಕಕ್ಕೆ ಸರಿದು ಮೇಲೆ ಹತ್ತುತ್ತಾರೆ.