ಚಿಗರಿ ನೆಗೆದು ನೋಡುವುದೇಕೆ?

ಭೂಮಿಯ ಮೇಲೆ ಹುಲ್ಲು ಆಗತಾನೆ ಮೂಡಿತ್ತು ಮಗು. ಯಾವ ದಿಕ್ಕಿಗೆ ಬೀಸಬೇಕೆಂದು ಗಾಳಿಗೆ ಇನ್ನೂ ಸರಿಯಾಗಿ ತಿಳಿದಿರಲಿಲ್ಲ. ಆಗ ಚಿಗರಿಗಳಿಗೆ, ಅಂದರೆ ಬಯಲಿನ ಜಿಂಕೆಗಳಿಗೆ, ನೆಗೆಯುವುದು ಗೊತ್ತಿರಲಿಲ್ಲ. ಕುರಿಗಳ ಹಾಗೆ ತಲೆ ತಗ್ಗಿಸಿ ನಡೆಯುತ್ತಿದ್ದವು, ತಿನ್ನುತ್ತಿದ್ದವು.

ತಿಂದದ್ದೇ ತಿಂದದ್ದು! ಹುಲ್ಲುಗಾವಲೆಲ್ಲ ಬೋಳಾಯಿತು. ತಾಯಿಚಿಗರಿಗಳ ಹಾಲು ಬತ್ತಿತು. ಮರಿಗಳು ನಿಲ್ಲಲಾರದೆ ಮಲಗಿಬಿಟ್ಟವು.

ಅಲ್ಲೇ ಕುರಿ ಮೇಯಿಸುತ್ತಿದ್ದ ಬೀರವ್ವ ಚಿಗರಿಗಳ ಮುಂದಾಳು ಕರಿಯನನ್ನು ಕರೆದಳು.

"ಕರಿಯಾ, ಹಿಂಗ ಮೇದ್ರ ನಿನ್ನ ಮರೀನೂ ಉಳಿಯಂಗಿಲ್ಲ, ನನ್ನ ಕುರೀನೂ ಉಳಿಯಂಗಿಲ್ಲ. ಮಳಿ ಬಿದ್ದಮ್ಯಾಲೆ ಅರ್ಧ ಹುಲ್ಲುಗಾವಲು ಮೇಯದ ಬಿಡೋಣು. ಬೀಜ ಉದುರೂತನಕ ಯಾರೂ ಬಾಯಿ ಹಾಕಬಾರದು."

ಕರಿಯ ಒಪ್ಪಿದ. ಮಳೆ ಬಿತ್ತು. ಬೀರವ್ವ ಅರ್ಧ ಹುಲ್ಲುಗಾವಲಿಗೆ ಜಾಲಿಮುಳ್ಳಿನ ಬೇಲಿ ಹಾಕಿದಳು. ಬೇಲಿ ಕರಿಯನ ಕೊಂಬಿಗಿಂತ ಎತ್ತರವಿತ್ತು. ಆಗಲೇ ಅವನ ತಲೆಯೊಳಗೆ ಅನುಮಾನದ ಹುಳು ಹೊಕ್ಕಿತು.

"ಇಷ್ಟೆತ್ತರ ಬೇಲಿ ಯಾಕ? ಒಳಗ ತನ್ನ ಕುರಿ ಮೇಸಾಕತ್ತಾಳೇನು?" ಎಂದು ಗಾಳಿಯನ್ನು ಕೇಳಿದ.

"ಇಲ್ಲಪ್ಪಾ, ಒಳಗ ಬರೇ ಹುಲ್ಲೈತಿ," ಎಂದಿತು ಗಾಳಿ.

"ನೀನೂ ಆಕಿ ಕಡೀನ?"

ಗಾಳಿ ಬೇಜಾರಾಗಿ ಹೊರಟುಹೋಯಿತು. ನಾನಾಗಿದ್ದರೂ ಗಾಳಿಯ ಮಾತು ನಂಬುತ್ತಿರಲಿಲ್ಲ ಬಿಡು. ಪಕ್ಕದ ಮನೆಯವರು ಹಗಲಲ್ಲಿ ಬಾಗಿಲು ಹಾಕಿಕೊಂಡರೆ ನನ್ನ ಕಿವಿಯೂ ನೆಟ್ಟಗಾಗುತ್ತದೆ.

"ಒಂದು ಕುರಿ ಕಂಡ್ರೂ ಬೇಲಿ ಮುರದು ಹಿಂಡೆಲ್ಲ ನುಗ್ಗಸ್ತೀನಿ," ಎಂದುಕೊಂಡು ಕರಿಯ ಕಾಲು ಕೂಡಿಸಿ ನೆಗೆದು ಬೇಲಿಯಾಚೆ ನೋಡಿದ. ಕುರಿಯಿಲ್ಲ. ಬೀರವ್ವ ಕುರಿಗಳನ್ನು ಮಲಗಿಸಿರಬೇಕೆಂದು ಮತ್ತೆ ನೆಗೆದ. ಕುರಿಯಿಲ್ಲ. ಬೆಳಿಗ್ಗೆ ನೆಗೆದ, ಸಂಜೆ ನೆಗೆದ. ಬೀರವ್ವ ನಕ್ಕಳು.

"ಹಾರು ಹಾರು, ಕಾಲು ಗಟ್ಟಿ ಆಗ್ತಾವು."

ಈಚೆಯ ಹುಲ್ಲು ತಿಂದು ಮರಿಗಳು ಚೇತರಿಸಿಕೊಂಡವು. ಆಚೆಯ ಹುಲ್ಲು ತೆನೆ ಬಿಟ್ಟ ದಿನ ಕರಿಯ ಮತ್ತೊಮ್ಮೆ ನೆಗೆದ. ಆಚೆ ಹುಲ್ಲಲ್ಲದೆ ಏನೂ ಇರಲಿಲ್ಲ. ಕೆಳಗಿಳಿಯುವಾಗ ಕಣ್ಣು ಈಚೆ ಹೊರಳಿತು. ಮರಿಗಳು ಮಲಗಿದ್ದ ಕಡೆಗೆ ಒಂದು ತೋಳ ನೆಲಕ್ಕೆ ಹೊಟ್ಟೆ ಎಳೆಯುತ್ತ ಬರುತ್ತಿತ್ತು!

"ತ್ವಾಳಾ! ಏಳ್ರೋ, ಓಡ್ರೋ!"

ಹಿಂಡು ಮರಿಗಳನ್ನು ಕಟ್ಟಿಕೊಂಡು ಓಡಿತು. ತೋಳದ ಬಾಯಿಗೆ ಹುಲ್ಲಷ್ಟೇ ಸಿಕ್ಕಿತು.

ಬೀಜ ಉದುರಿದ ಮೇಲೆ ಬೀರವ್ವ ಬೇಲಿ ಕಿತ್ತಳು. ಒಳಗೆ ಕುರಿಯ ಒಂದು ಹಿಕ್ಕೆಯೂ ಇರಲಿಲ್ಲ. ಕರಿಯನಿಗೆ ಬಹಳ ನಾಚಿಕೆಯಾಯಿತು.

"ತಪ್ಪಾತವ್ವಾ. ಇನ್ನ ಹಾರಂಗಿಲ್ಲ."

ಬೀರವ್ವ ಅವನ ಮರಿಯ ಬೆನ್ನು ಸವರಿದಳು. "ಹುಚ್ಚಾ, ಹಾರೂದು ಬಿಡಬ್ಯಾಡ. ನಾ ಬಂದ್ರೂ ಹಾರಿ ನೋಡು."

ಕರಿಯನನ್ನು ನೋಡಿ ಹಿಂಡೆಲ್ಲ ನೆಗೆಯುವುದನ್ನು ಕಲಿಯಿತು. ಅದಕ್ಕೇ ಮಗು, ಇಂದಿಗೂ ನೀನು ಹುಲ್ಲುಗಾವಲಿನ ಅಂಚಿಗೆ ಬಂದರೆ ಚಿಗರಿ ಮೊದಲು ನೆಗೆದು ನಿನ್ನನ್ನು ನೋಡುತ್ತದೆ, ಆಮೇಲೆ ಓಡುತ್ತದೆ. ನೀನು ಒಳ್ಳೆಯವಳೆಂದು ಅದಕ್ಕೆ ಯಾರು ಹೇಳಬೇಕು?