ಗೂಳ್ಯಾ ಮಠದ ಮಾಳಿಗೆಗೆ ಡಾಂಬರು ಹಾಕಿದ್ದು

ಎಲ್ಲರೂ ಕೂತಿರಾ? ಒಂದು ಸಲ ಶಿವನಾಮ ಹೇಳಿಕೊಳ್ಳಿ, ಆಮೇಲೆ ಕೇಳಿ. ಜಾಣರನ್ನು ಅವರ ಜಾಣತನ ಕಾಯುತ್ತದೆ. ಪೆದ್ದರನ್ನು ಶಿವನೇ ಎದ್ದು ಬಂದು ಕಾಯಬೇಕು.

ಒಂದೂರಲ್ಲಿ ಬಾಳವ್ವ ಅಂತ ಒಬ್ಬ ತಾಯಿ. ಗೂಳ್ಯಾ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಆದರೆ ಇಲ್ಲಿ ಹೇಳಿದ್ದನ್ನು ಅಲ್ಲಿ ಮಾಡುವವನು!

ಆ ವರ್ಷ ಮಠದ ದಾಸೋಹದ ಮನೆ ಸೋರುತ್ತಿತ್ತು. ಮಾಳಿಗೆಗೆ ಡಾಂಬರು ಬಳಿದು ಡಾಂಬರಿನ ಹಾಳೆ ಹಾಸಲು ದಾವಲಸಾಬ ಮೇಸ್ತ್ರಿ ಬಂದ. ಬಾಳವ್ವ ಸೆರಗೊಡ್ಡಿ ನಿಂತಳು.

"ದಾವಲಣ್ಣಾ, ಇವನಿಗೊಂದು ಕಸುಬು ಕಲಿಸಪ್ಪಾ. ನಾ ಸತ್ತ ಮ್ಯಾಲ ಇವನ್ನ ಯಾರು ನೋಡ್ತಾರ?"

"ಒಂದು ವಾರ ನೋಡ್ತೀನವ್ವಾ. ಆದ್ರ ಇದು ಬೆಂಕಿ ಕೆಲಸ. ಮೈ ಸುಟ್ಕೊಳ್ಳದ ಮನಿಗೆ ಬಂದ್ರ ಅದೇ ಪುಣ್ಯ."

ಸೋಮವಾರ ತುಂಬುತೋಳಿನ ಅಂಗಿ ತೊಡಿಸಿ ಕೆಲಸಕ್ಕೆ ಹಚ್ಚಿದ. ಕಡಾಯಿಯಲ್ಲಿ ಡಾಂಬರಿನ ಕರೀ ಹೆಂಟೆ, ಕೆಳಗೆ ಬೆಂಕಿ. ಬೆಲ್ಲದ ಹಾಗೆ ಗಟ್ಟಿ ಇದ್ದದ್ದು ನೋಡುನೋಡುತ್ತ ಪಾಕವಾಯಿತು! ಗೂಳ್ಯಾನಿಗೆ ಎಲ್ಲಿಲ್ಲದ ಸೋಜಿಗ. "ಒಳಗ ಏನೈತಿ ಕಾಕಾ?" ಅಂತ ಬಗ್ಗಿದ.

"ಏ ಹುಚ್ಚಾ! ಆ ಹೊಗಿ ಕುಡದ್ರ ಎದಿ ಕೆಡ್ತೈತಿ! ಹೊಗಿ ಎದ್ದಲ್ಲಿ ಮೂಗು-ಬಾಯಿಗೆ ಬಟ್ಟಿ ಕಟ್ಟಬೇಕು, ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು!"

"ಹೂಂ ಕಾಕಾ!"

ಸಂಜೆ ಮಠದಲ್ಲಿ ಪೂಜೆ. ಸ್ವಾಮಿಗಳು, ಊರವರ ಬಾಯಲ್ಲಿ ಅಜ್ಜನವರು, ಧೂಪ ಎತ್ತಿದರು. ಹೊಗೆ ಎದ್ದಿತು. ಗೂಳ್ಯಾ ಓಡಿದ! ಹೆಗಲ ವಸ್ತ್ರದಿಂದ ಅಜ್ಜನವರ ಮೂಗು-ಬಾಯಿ ಬಿಗಿದು ಕಟ್ಟಿದ. ಭುಜ ಹಿಡಿದು, ಗಾಳಿಗೆ ಬೆನ್ನಾಗುವಂತೆ ತಿರುಗಿಸಿ ನಿಲ್ಲಿಸಿದ. ದೇವರಿಗೇ ಬೆನ್ನಾಯಿತು! ಸೋಮವಾರ ಅಜ್ಜನವರಿಗೆ ಮೌನವ್ರತ, ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಮುರಿದಿಲ್ಲ. ಬಾಯಿ ಬಿಡಲಿಲ್ಲ. ಕಣ್ಣಲ್ಲೇ ನಕ್ಕರು.

ಬಾಳವ್ವ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಕರ್ಮವೇ! ಹೊಗಿ ಬಂದ್ರ ಕಣ್ಣು ಮುಚ್ಚಿ, ಕೈ ಮುಗದು, ಮುಖಕ್ಕ ತಗೋಬೇಕೋ ಮೂಳಾ!"

"ಹೂಂ ಯವ್ವಾ!"

ಮರುದಿನ ಕಡಾಯಿ ಹೊಗೆಯಾಡಿತು. ಗೂಳ್ಯಾ ಕಣ್ಣು ಮುಚ್ಚಿದ, ಕೈ ಮುಗಿದ, ಹೊಗೆಯನ್ನು ಬೊಗಸೆಬೊಗಸೆ ಮುಖಕ್ಕೆ ತಗೊಂಡ. "ಶಿವಾ ಶಿ... ಖ್ಹು! ಖ್ಹು!" ಕಣ್ಣು ಕೆಂಡ, ತಲೆ ಗಿರ್ರ್! ಮೇಸ್ತ್ರಿ ರಟ್ಟೆ ಹಿಡಿದು ಗಾಳಿಗೆ ಎಳೆದು ತಂದ.

"ಸಾಯ್ತೀಯೇನೋ! ಇನ್ನೊಂದು ಕೇಳು. ಇದು ಉಕ್ಕಿದ್ರ ನೀರು ಮುಟ್ಟಿಸಬ್ಯಾಡ. ಕುದಿಯೋ ಡಾಂಬರಿಗೆ ನೀರು ಬಿದ್ರ ಸಿಡದು ಮುಖ ಬೇಯಿಸ್ತೈತಿ. ಕುದಿಯೋದು ಉಕ್ಕಿದ್ರ ಮರಳು ಸುರಿ, ಮುಚ್ಚಳ ಮುಚ್ಚು!"

"ಹೂಂ ಕಾಕಾ!"

ಮಧ್ಯಾಹ್ನ ದಾಸೋಹಕ್ಕೆ ಗೋಧಿ ಹುಗ್ಗಿ ಕುದಿಯುತ್ತಿತ್ತು. "ಉಕ್ಕಿತೋ!" ಅಂತ ಅಡುಗೆಯ ಗದಿಗಯ್ಯ ಕೂಗಿದ. ಗೂಳ್ಯಾ ಬುಟ್ಟಿ ಮರಳು ತಂದ. ಸುರಿದ. ಮುಚ್ಚಳ ಮುಚ್ಚಿದ. ಕೈ ಝಾಡಿಸಿಕೊಂಡ.

"ನಿನ್ನ ಮನಿ ಹಾಳಾಗ! ನೂರು ಮಂದಿ ಹುಗ್ಗಿ! ಉಕ್ಕಿದ್ರ ಒಂದು ತಂಬಿಗಿ ತಣ್ಣೀರು ಹುಯ್ಯಬೇಕೋ, ತಣ್ಣೀರು!"

"ಹೂಂ ಅಯ್ಯನವರ!"

ಮುಂದಿನದು ನಿಮಗೆ ಗೊತ್ತಾಯಿತಲ್ಲ? ಶಿವ ಶಿವಾ!

ಬುಧವಾರ ಡಾಂಬರು ಬುರುಬುರು ಉಕ್ಕಿತು. ಗೂಳ್ಯಾ ತುಂಬಿದ ತಂಬಿಗೆ ಎತ್ತಿಕೊಂಡು ಓಡಿದ. ಮೇಸ್ತ್ರಿ ನೋಡಿದ. "ಯಾ ಅಲ್ಲಾ!" ಅಂತ ಅಡ್ಡ ಹಾರಿ ಮುಚ್ಚಳ ಬಡಿದ. ಆ ಅವಸರದಲ್ಲಿ ಅಂಗೈಯಗಲ ಡಾಂಬರು ಮುಂಗೈಗೆ ಚಿಮ್ಮಿತು.

"ನೀರು! ಕಡಾಯಿಗಲ್ಲೋ, ನನ್ನ ಕೈಗೆ!"

ಗೂಳ್ಯಾ ಹುಯ್ದ. ಕರೀ ಅಂಟು ಕಂಡು ಕೀಳಲು ಹೋದ.

"ಕೀಳಬ್ಯಾಡ! ಚರ್ಮ ಸಮೇತ ಬರ್ತೈತಿ. ಹುಯ್ತಾನ ಇರು. ನಾ ಬಾಯಿ ಬಿಟ್ಟು ಸಾಕು ಅನ್ನೋತನಕ ನಿಲ್ಲಿಸಬ್ಯಾಡ!"

ತಂಬಿಗೆ ಮೇಲೆ ತಂಬಿಗೆ, ತಂಬಿಗೆ ಮೇಲೆ ತಂಬಿಗೆ. ದವಾಖಾನೆಯಲ್ಲಿ ಡಾಕ್ಟರು ಕೈ ನೋಡಿ, "ನೀರು ಹುಯ್ದವನು ಯಾರು? ಕೈ ಉಳಿಸಿದಾನೆ" ಅಂದರು. ಹಿಂದೆಯೇ ಓಡಿಬಂದಿದ್ದ ಬಾಳವ್ವನ ಕಣ್ಣಲ್ಲಿ ನೀರು. ಇಪ್ಪತ್ತೆರಡು ವರ್ಷಕ್ಕೆ ಮಗನನ್ನು ಹೊಗಳಿದ ಮೊದಲ ಮಾತು!

"ಯವ್ವಾ, ಇವನ್ನ ನಾ ಬಿಡೂದಿಲ್ಲ," ಅಂದ ದಾವಲಸಾಬ. "ಕಡಾಯಿ ಹತ್ರ ಬ್ಯಾಡ. ಹಾಳಿ ಹಾಸೂದು ಕಲೀಲಿ."

ಮತ್ತೆ ಸೋಮವಾರ ಬಂತು. ಮಾಳಿಗೆಯ ಕೆಲಸ ಮುಗಿದಿತ್ತು. ಊಟದ ಪಂಗ್ತಿ ಕೂತಿತ್ತು. ಅಷ್ಟರಲ್ಲಿ ಮೊದಲ ಮಳೆ ಧೋ ಅಂತ ಸುರಿಯಿತು. ಎಲ್ಲರೂ ಕತ್ತೆತ್ತಿದರು. ಒಂದು ಹನಿ ಸೋರಲಿಲ್ಲ! "ಶಹಬ್ಬಾಸ್ ಗೂಳ್ಯಾ! ಇವತ್ತು ಅಜ್ಜಾರಿಗೆ ನೀನೇ ಮಜ್ಜಿಗಿ ಬಡಿಸು" ಅಂತ ಗದಿಗಯ್ಯ ಮಜ್ಜಿಗೆಯ ಕೊಡ ಕೈಗೆ ಕೊಟ್ಟ.

ಗೂಳ್ಯಾ ಹುಯ್ದ. ಅಜ್ಜನವರು ಕೈ ಅಡ್ಡ ಹಿಡಿದರು. ಗೂಳ್ಯಾ ಹುಯ್ದ. ಕೈ ಮುಗಿದರು. ಗೂಳ್ಯಾನೂ ಒಂದೇ ಕೈಯಲ್ಲಿ ಮುಗಿದ, ಇನ್ನೊಂದರಲ್ಲಿ ಹುಯ್ದ. ತಾಟು ತುಂಬಿತು, ಮಡಿಲು ತುಂಬಿತು, ಪಂಗ್ತಿಯುದ್ದಕ್ಕೂ ಹೊಳೆ ಹರಿಯಿತು.

"ನಿಲ್ಲಿಸೋ!" ಅಂತ ತಾಯಿ ಚೀರಿದಳು.

"ಅವ್ರು ಬಾಯಿ ಬಿಟ್ಟು ಸಾಕು ಅಂದಿಲ್ಲ ಯವ್ವಾ!"

ಸೋರದ ಮಾಳಿಗೆಯ ಕೆಳಗೆ ಮಡಿಲಿಂದ ಮೊಣಕಾಲತನಕ ತೊಯ್ದು ಕೂತಿದ್ದ ಅಜ್ಜನವರು ಮೇಲೆ ನೋಡಿದರು, ಕೆಳಗೆ ನೋಡಿದರು. ಹನ್ನೆರಡು ವರ್ಷದ ಸೋಮವಾರದ ಮೌನ ಒಂದು ಕೊಡ ಮಜ್ಜಿಗೆಯಲ್ಲಿ ಕೊಚ್ಚಿಹೋಯಿತು.

"ಸಾಕೋ, ನಮ್ಮಪ್ಪಾ!"

"ಹೂಂ ಅಜ್ಜಾರ!" ಅಂತ ಗೂಳ್ಯಾ ಕೊಡ ಇಳಿಸಿದ.